‘ಮಣೆ’ ಎಂಬ ಶಬ್ದದ ಅರ್ಥವಿಚಾರ

೧

ನಿತ್ಯವೂ ನಾಲಗೆಯ ಮೇಲಿರುವ ಶಬ್ದಗಳ ಅರ್ಥವನ್ನು ವಿಚಾರಿಸುವವರು ವಿರಳ. ಹಳಗನ್ನಡ ಕಾವ್ಯದಲ್ಲಿ ಒಂದು ಕ್ಲಿಷ್ಟಪದವು ಬಂದರೆ ಟೀಕೆಗಳನ್ನು ತಿರುವಿಹಾಕುತ್ತೇವೆ, ಪಾಠಾಂತರಗಳನ್ನು ಹೋಲಿಸುತ್ತೇವೆ, ತಿಳಿದವರನ್ನು ಕೇಳುತ್ತೇವೆ. ಅಡಿಗೆಮನೆಯ ಗೋಡೆಗೆ ಒರಗಿಸಿಟ್ಟ ಮಣೆಯ ಹೆಸರನ್ನು ಕುರಿತು ಯಾರೂ ಏನನ್ನೂ ಕೇಳುವುದಿಲ್ಲ. ಅದು ಎಲ್ಲರಿಗೂ ತಿಳಿದದ್ದೆಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ‘ಮಣೆ’ ಎಂದರೇನೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳಲು ಹೊರಟವರಿಗೆ ಕೂಡಲೇ ತೊಡಕು ಕಾಣಿಸಿಕೊಳ್ಳುತ್ತದೆ. ಊಟಕ್ಕೆ ಕುಳಿತುಕೊಳ್ಳುವುದು ಮಣೆ. ತೆಂಗಿನಕಾಯಿಯನ್ನು ತುರಿಯುವುದು ಮಣೆ. ಚಪಾತಿಯನ್ನು ಲಟ್ಟಿಸುವುದು ಮಣೆ. ಹುಣಿಸೆಯ ಬೀಜವನ್ನು ಹಾಕಿ ಆಡುವುದು ಮಣೆ. ಮದುಮಕ್ಕಳು ಏರುವುದು ಮಣೆ. ಚುನಾವಣೆ ಬಂದಾಗ ಪಕ್ಷಗಳು ‘ಹಾಕು’ವುದೂ ಮಣೆಯೇ. ಇವೆಲ್ಲವೂ ಒಂದೇ ಶಬ್ದದ ಅರ್ಥಗಳೆ? ಹೌದಾದರೆ ಅವುಗಳಿಗೆ ಮೂಲವಾದ ಅರ್ಥ ಯಾವುದು? ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು? ಈ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮಣೆಯೆಂದರೆ ಕುಳಿತುಕೊಳ್ಳುವ ಹಲಗೆ, ಪೀಠ ಎಂಬುದು ರೂಢಿಯಲ್ಲಿರುವ ಅರ್ಥಕಥನ. ಶಾಲೆಯ ಕೈಪಿಡಿಕೋಶಗಳನ್ನು ನೋಡಿದರೂ, ಮನೆಯ ಹಿರಿಯರನ್ನು ಕೇಳಿದರೂ ಮೊದಲು ದೊರೆಯುವ ಉತ್ತರ ಇದೇ. ಉಳಿದ ಅರ್ಥಗಳೆಲ್ಲ ಇದರ ವಿಸ್ತಾರವೆಂದೋ, ಸಮಾಸಗಳಲ್ಲಿ ಮಾತ್ರ ಕಾಣುವ ವಿಶೇಷಗಳೆಂದೋ ಭಾವಿಸುವುದು ವಾಡಿಕೆಯಾಗಿದೆ. ನಮ್ಮ ತಾರ್ಕಿಕರು ಒಂದು ಲಕ್ಷಣವನ್ನು ಪರೀಕ್ಷಿಸುವಾಗ ಅದರಲ್ಲಿ ಅವ್ಯಾಪ್ತಿಯುಂಟೆ, ಅತಿವ್ಯಾಪ್ತಿಯುಂಟೆ ಎಂದು ನೋಡುತ್ತಿದ್ದರಷ್ಟೆ. ಆ ಕ್ರಮವನ್ನು ಇಲ್ಲಿ ಅನುಸರಿಸಿದರೆ ಎರಡು ದೋಷಗಳೂ ಕಾಣುತ್ತವೆ. ಲಟ್ಟಣಿಗೆಯ ಮಣೆಯ ಮೇಲೆ ಯಾರೂ ಕುಳಿತುಕೊಳ್ಳರು. ಅಳಗುಳಿಮಣೆಯ ಮೇಲೆಯೂ ಕುಳಿತುಕೊಳ್ಳರು. ಇವೆರಡೂ ಲಕ್ಷಣದ ಹೊರಗೆ ಉಳಿಯುವುದರಿಂದ ಇದು ಅವ್ಯಾಪ್ತಿ. ದೋಣಿಯ ಅಡ್ಡಹಲಗೆಯ ಮೇಲೆ ಜನ ಕುಳಿತುಕೊಳ್ಳುವರಾದರೂ ಅದನ್ನು ಮಣೆಯೆನ್ನುವ ರೂಢಿಯಿಲ್ಲ. ಈ ಲಕ್ಷಣದಂತೆ ಅದೂ ಮಣೆಯಾಗಬೇಕಾಗುವುದರಿಂದ ಇದು ಅತಿವ್ಯಾಪ್ತಿ. ಆದಕಾರಣ ‘ಕುಳಿತುಕೊಳ್ಳುವ ಹಲಗೆ’ ಎಂಬುದು ಒಂದು ಬಗೆಯ ಮಣೆಯ ವರ್ಣನೆಯಾಗಬಹುದಲ್ಲದೆ ಶಬ್ದದ ಅರ್ಥವಾಗಲಾರದು.

೨

ಮೊದಲು ಶಬ್ದದ ರೂಪವನ್ನು ನೋಡೋಣ. ಮಣೆಯು ಸಂಸ್ಕೃತದಿಂದ ಬಂದುದಲ್ಲ. ತಮಿಳಿನಲ್ಲಿ ಇದಕ್ಕೆ ಸಮನಾದ ರೂಪ ‘ಮಣೈ’. ಕುಳಿತುಕೊಳ್ಳುವ ಹಲಗೆಯೆಂಬ ಅರ್ಥವು ಅಲ್ಲಿಯೂ ಇದೆ. ತಮಿಳಿನ ಪದಾಂತ್ಯದ ಐಕಾರಕ್ಕೆ ಕನ್ನಡದಲ್ಲಿ ಎಕಾರವು ಬರುವುದು ತಲೈ-ತಲೆ, ಮಲೈ-ಮಲೆ ಮುಂತಾದ ಹಲವು ಜೋಡಿಗಳಿಂದ ಸಿದ್ಧವಾಗಿದೆ. ಮನೈ-ಮನೆ, ಮಣೈ-ಮಣೆ ಎಂಬ ಎರಡು ಜೋಡಿಗಳೂ ಈ ನಿಯಮಕ್ಕೆ ಒಳಪಟ್ಟಿವೆ. ಇದರಿಂದ ತಿಳಿಯುವುದೇನೆಂದರೆ, ಮನೆ ಮತ್ತು ಮಣೆ ಎಂಬ ಶಬ್ದಗಳ ನಕಾರ ಣಕಾರ ಭೇದವು ಕನ್ನಡದಲ್ಲಿ ಈಚೆಗೆ ಹುಟ್ಟಿದುದಲ್ಲ. ಎರಡು ಭಾಷೆಗಳಲ್ಲಿಯೂ ಅದು ಹಾಗೆಯೇ ಉಳಿದು ಬಂದಿದೆ. ತುಳುವಿನಲ್ಲಿಯೂ ಮಣೆ ಎಂಬ ಮಾತು ಬಳಕೆಯಲ್ಲಿದೆ.

ಕನ್ನಡದ ಕೆಲವು ಆಡುಮಾತುಗಳಲ್ಲಿ ಣಕಾರ ನಕಾರಗಳ ಭೇದವು ಸಡಿಲವಾಗಿದೆ. ಅಂಥ ಕಡೆ ಮನೆಗೂ ಮಣೆಗೂ ಕಿವಿಗೆ ಅಂತರ ತೋರದು. ಪ್ರಕರಣದಿಂದಲೇ ಅರ್ಥವನ್ನು ತಿಳಿಯಬೇಕು. ಧಾರವಾಡದ ಕಡೆಯ ಮಾತಿನಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಪದಾಂತ್ಯದ ಎಕಾರವು ಇಕಾರವಾಗುವುದರಿಂದ ಮನೆಯು ‘ಮನಿ’ಯಾಗುತ್ತದೆ, ಮಣೆಯು ‘ಮಣಿ’ಯಾಗುತ್ತದೆ. ಹೀಗಾಗಿ ಕೊರಳಿನಲ್ಲಿ ಧರಿಸುವ ಮಣಿಯೂ ಕೆಳಗೆ ಹಾಕುವ ಮಣಿಯೂ ಉಚ್ಚಾರಣೆಯಲ್ಲಿ ಒಂದೇ ಆಗಿವೆ. ಇಷ್ಟಾದರೂ ಅಲ್ಲಿಯ ಯಾವ ಹೆಂಗಸೂ ‘ಮಣಿ ತಗೊಂಡು ಬಾ’ ಎಂಬ ಮಾತನ್ನು ಕೇಳಿ ಸರದ ಪೆಟ್ಟಿಗೆಯ ಕಡೆಗೆ ಹೋಗುವುದಿಲ್ಲ. ಶಬ್ದದ ಅರ್ಥವನ್ನು ನಿರ್ಣಯಿಸುವುದರಲ್ಲಿ ರೂಪಕ್ಕಿಂತಲೂ ಸಂದರ್ಭವು ಬಲವತ್ತರವೆಂಬುದಕ್ಕೆ ಇದೊಂದು ನಿದರ್ಶನ.

ಇಲ್ಲಿಯೇ ಒಂದು ಲೌಕಿಕ ವ್ಯುತ್ಪತ್ತಿಯನ್ನು ಕುರಿತು ಎರಡು ಮಾತು. ಕುಳಿತುಕೊಳ್ಳಲು ದೇಹವನ್ನು ಮಣಿಸಬೇಕಾದ್ದರಿಂದ ಮಣೆಯೆಂಬ ಹೆಸರಾಯಿತೆಂದು ಹೇಳಬಹುದೆಂದು ಯಾರಿಗಾದರೂ ತೋರೀತು. ಕೇಳಲು ಇದು ಇಂಪಾಗಿದೆ; ಆದರೆ ಒಪ್ಪತಕ್ಕದ್ದಲ್ಲ. ಮಣಿಯುವುದು ಬಾಗುವುದೇ ಹೊರತು ಕುಳಿತುಕೊಳ್ಳುವುದಲ್ಲ. ಇದಲ್ಲದೆ ಈ ವ್ಯುತ್ಪತ್ತಿಯು ಆಸನವೇ ಮೂಲಾರ್ಥವೆಂದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ. ಸಾಧಿಸಬೇಕಾದುದನ್ನು ಸಿದ್ಧವೆಂದು ಭಾವಿಸುವುದು ವಿಚಾರಕ್ರಮವಲ್ಲ.

೩

ಇನ್ನು ಮನೆಯೊಳಗಿನ ಮಣೆಗಳನ್ನು ಎಣಿಸಿ ನೋಡೋಣ. ಊಟದ ಮಣೆ ಎಲ್ಲರಿಗೂ ಗೊತ್ತಿರುವುದು. ಹಲಸಿನ ಮರದ್ದೋ ಬೇರೆ ಗಟ್ಟಿಮರದ್ದೋ ಒಂದು ಚೌಕವಾದ ಹಲಗೆ. ಅದರ ಕೆಳಗೆ ಎರಡು ಅಡ್ಡಪಟ್ಟಿಗಳು. ಆ ಪಟ್ಟಿಗಳಿಂದ ಹಲಗೆಯು ನೆಲಕ್ಕಿಂತ ಕೆಲವು ಬೆರಳಿನಷ್ಟು ಮೇಲಕ್ಕೆ ನಿಲ್ಲುತ್ತದೆ. ದೇವರ ಮಣೆಯೂ ಇದೇ ಆಕಾರದ್ದು. ಅದರ ಮೇಲೆ ಮನುಷ್ಯನಿಗೆ ಬದಲಾಗಿ ಕಲಶವೋ ಪ್ರತಿಮೆಯೋ ಇರುತ್ತದೆ. ಮದುವೆಯ ಹಸೆಮಣೆ ಮೂರನೆಯದು. ಹಳಗನ್ನಡದ ‘ಪಸೆ’ಯು ಪಕಾರಕ್ಕೆ ಹಕಾರ ಬಂದು ‘ಹಸೆ’ಯಾಗಿದೆ, ಮದುಮಕ್ಕಳನ್ನು ಕುಳ್ಳಿರಿಸುವ ಮಂಗಳಾಸನವೆಂಬುದು ಅದರ ಅರ್ಥ. ‘ಹಸೆಮಣೆ’ ಎಂದಾಗ ಆಸನಾರ್ಥವೇ ಎರಡು ಸಲ ಬಂದಂತಾಯಿತು. ಹಸೆಯ ಅರ್ಥವು ಜನರಿಗೆ ಮಸುಕಾದ ಮೇಲೆ, ಅದನ್ನು ತಿಳಿಯಪಡಿಸಲು ಮಣೆಯು ಬಂದು ಸೇರಿತೆಂದು ಊಹಿಸಬಹುದು.

ಎರಡನೆಯ ವರ್ಗವು ಉಪಕರಣಗಳದು. ತರಕಾರಿಯನ್ನು ಹೆಚ್ಚುವ ಈಳಿಗೆಮಣೆಯಲ್ಲಿ ಹಲಗೆಯ ಮುಂತುದಿಗೆ ಬಾಗಿದ ಅಲಗನ್ನು ನಿಲ್ಲಿಸಿರುತ್ತಾರೆ. ಹಲಗೆಯ ಮೇಲೆ ಕುಳಿತೋ, ಮಡಿಸಿದ ಮೊಣಕಾಲನ್ನು ಊರಿಯೋ ಅದನ್ನು ಅಲುಗದಂತೆ ಹಿಡಿದು ಎರಡು ಕೈಗಳಿಂದಲೂ ಕೆಲಸ ಮಾಡುತ್ತಾರೆ. ಇದೇ ಉಪಕರಣಕ್ಕೆ ಕರಾವಳಿಯಲ್ಲಿ ಮೆಟ್ಟುಗತ್ತಿಯೆಂದು ಹೆಸರು. ಒಂದು ಕಡೆಯವರು ಹಲಗೆಯನ್ನು ಪ್ರಧಾನವೆಂದೆಣಿಸಿದರು. ಇನ್ನೊಂದು ಕಡೆಯವರು ಕತ್ತಿಯನ್ನೂ ಅದನ್ನು ಮೆಟ್ಟಿ ಹಿಡಿಯುವ ಕ್ರಿಯೆಯನ್ನೂ ಪ್ರಧಾನವೆಂದೆಣಿಸಿದರು. ಕಾಯಿ ತುರಿಯುವ ಮಣೆಯೂ ಹೀಗೆಯೇ. ಕರಾವಳಿಯ ಕೆಲವು ಮನೆಮಾತುಗಳಲ್ಲಿ ಅದು ಹೆರೆಮಣೆ. ಉತ್ತರ ಕರ್ನಾಟಕದ ಶಾವಿಗೆಮಣೆಯು ಉದ್ದವಾದ ಹಲಗೆ. ಅದರ ಮೇಲ್ತುದಿಯಲ್ಲಿ ಕುಳಿತವಳು ಹಿಟ್ಟಿನ ಕಣಕವನ್ನು ಹಲಗೆಯ ಮೇಲೆ ಉಜ್ಜುತ್ತಾ ಎಳೆ ತೆಗೆಯುತ್ತಾಳೆ. ಇನ್ನೊಬ್ಬಳು ಎಳೆಯನ್ನು ಹಿಡಿದು ಕೋಲಿಗೆ ಹಾಕುತ್ತಾಳೆ.

ಈ ಎರಡನೆಯ ವರ್ಗದಲ್ಲಿ ಕುಳಿತುಕೊಳ್ಳುವುದೂ ಕೆಲಸ ಮಾಡುವುದೂ ಒಂದಾಗಿವೆಯೆಂಬುದನ್ನು ವಾಚಕರು ಗಮನಿಸಬೇಕು. ತುರಿಮಣೆಯು ಆಸನವೋ ಉಪಕರಣವೋ ಎಂದು ಕೇಳಿದರೆ ಉತ್ತರವಿಲ್ಲ. ಕುಳಿತವಳ ಭಾರದಿಂದಲೇ ಅದು ಉಪಕರಣವಾಗಿ ನಿಲ್ಲುತ್ತದೆ. ಮೂರನೆಯ ವರ್ಗದಲ್ಲಿ ಮಾತ್ರ ಕುಳಿತುಕೊಳ್ಳುವವರು ಯಾರೂ ಇಲ್ಲ. ಲಟ್ಟಣಿಗೆಯ ಮಣೆಯ ಮೇಲೆ ಇರುವುದು ಹಿಟ್ಟಿನ ಉಂಡೆ. ಅಳಗುಳಿಮಣೆ ಅಥವಾ ಚೆನ್ನೆಮಣೆಯಲ್ಲಿ ಏಳೇಳರಂತೆ ಎರಡು ಸಾಲು, ಒಟ್ಟು ೧೪ ಗುಳಿಗಳು, ಅವುಗಳಲ್ಲಿರುವುದು ಬೀಜಗಳು.

ಹೀಗೆ ಮೂರು ವರ್ಗಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಾಮಾನ್ಯವಾದ ಅಂಶವು ಕಾಣುತ್ತದೆ. ಮೇಲಿರುವುದು ಮನುಷ್ಯನಾಗಲಿ, ದೇವರಾಗಲಿ, ಅಲಗಾಗಲಿ, ಹಿಟ್ಟಾಗಲಿ, ಬೀಜವಾಗಲಿ, ಅದಕ್ಕೆ ಒಂದು ನೆಲೆಯನ್ನು ಕೊಡುವುದು ಮಣೆ. ‘ಹಲಗೆ’ಯು ಮರದ ಆಕಾರವನ್ನು ಹೇಳುವ ಶಬ್ದ, ‘ಮಣೆ’ಯು ಅದರ ವಿನಿಯೋಗವನ್ನು ಹೇಳುವ ಶಬ್ದ. ದಕ್ಷಿಣ ಕನ್ನಡದ ಕಂಬಳದಲ್ಲಿ ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಅಲ್ಲಿ ಕೋಣಗಳ ಹಿಂದೆ ಕೆಸರಿನಲ್ಲಿ ಓಡುವ ಮರಕ್ಕೆ ಹಲಗೆಯೆಂದೇ ಹೆಸರು, ಮಣೆಯೆನ್ನುವುದಿಲ್ಲ. ಅದು ನೆಲೆ ಕೊಡುವುದಲ್ಲ, ಓಡುವುದು. ಉಯ್ಯಾಲೆಯ ಹಲಗೆಯನ್ನು ಮಣೆಯೆನ್ನುವುದುಂಟಲ್ಲ, ಅದು ತೂಗುವುದಿಲ್ಲವೆ ಎಂದು ಆಕ್ಷೇಪಿಸಬಹುದು. ಉಯ್ಯಾಲೆಯು ತೂಗಿದರೂ ಕುಳಿತವರಿಗೆ ಅದೇ ನೆಲೆಯಾದುದರಿಂದ ವಿರೋಧವಿಲ್ಲವೆಂದು ಸಮಾಧಾನ. ಈಗ ಅಂಗಡಿಗಳಲ್ಲಿ ಕಲ್ಲಿನ ಚಪಾತಿಮಣೆ ದೊರೆಯುತ್ತದೆ. ಈಳಿಗೆಮಣೆಯನ್ನು ಇಡಿಯಾಗಿ ಕಬ್ಬಿಣದಲ್ಲಿಯೇ ಮಾಡುತ್ತಾರೆ. ಮರವು ಹೋದರೂ ಹೆಸರು ಹೋಗಲಿಲ್ಲ. ಆದುದರಿಂದ ಮರವೂ ಶಬ್ದಾರ್ಥದ ಅವಶ್ಯಾಂಶವಲ್ಲ.

ನೆರೆಯ ಭಾಷೆಗಳೂ ಇದನ್ನು ಬೆಂಬಲಿಸುತ್ತವೆ. ತಮಿಳಿನಲ್ಲಿ ಈಳಿಗೆಮಣೆಗೆ ‘ಅರಿವಾಳ್‌ಮಣೈ’ ಎನ್ನುತ್ತಾರೆ. ತೆಲುಗಿನಲ್ಲಿ ಸಂಸ್ಕೃತದ ಪೀಠದಿಂದ ಬಂದ ‘ಪೀಟ’ವು ಕುಳಿತುಕೊಳ್ಳುವ ಮಣೆ, ತರಕಾರಿ ಹೆಚ್ಚುವುದು ‘ಕತ್ತಿಪೀಟ’, ಮದುಮಕ್ಕಳು ಕುಳಿತುಕೊಳ್ಳುವುದೂ ಪೀಟಗಳ ಮೇಲೆಯೇ. ಮರಾಠಿಯಲ್ಲಿ ‘ಪಾಟ’ವು ಆಸನ, ‘ಪೋಳಪಾಟ’ವು ಲಟ್ಟಿಸುವ ಮಣೆ. ಶಬ್ದಗಳ ಮೂಲ ಬೇರೆಬೇರೆಯಾದರೂ ಅರ್ಥದ ಹರವು ಒಂದೇ ಆಗಿದೆ. ಇದರಿಂದ ಈ ಸಮಾಸಗಳು ಬಹು ಪ್ರಾಚೀನವೆಂದು ಸಾಧಿಸಲು ಬರುವುದಿಲ್ಲ. ಒಂದೊಂದು ಭಾಷೆಯಲ್ಲಿಯೂ ಸ್ವತಂತ್ರವಾಗಿ ಹುಟ್ಟಿರಲೂಬಹುದು. ಆದರೆ ನೆಲದ ಮೇಲೆ ಕುಳಿತು ಉಣ್ಣುವ, ನೆಲದ ಮೇಲೆ ಕುಳಿತೇ ದುಡಿಯುವ ಮನೆಗಳಲ್ಲಿ ಆಸನಕ್ಕೂ ಉಪಕರಣಕ್ಕೂ ಒಂದೇ ಹೆಸರಾಗುವುದು ಸಹಜವೆಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ. ಉಪಕರಣಾರ್ಥವನ್ನು ಆಸನಾರ್ಥದ ಬಾಲವೆಂದು ಎಣಿಸುವುದು ಸಾಧುವಲ್ಲ.

೪

ಇನ್ನು ‘ಮಣೆ ಹಾಕು’ ಎಂಬ ನುಡಿಗಟ್ಟಿನ ವಿಚಾರ. ಗೌರವಿಸು, ಆದರದಿಂದ ಬರಮಾಡಿಕೊ ಎಂಬುದು ಇದರ ಲಕ್ಷ್ಯಾರ್ಥ. ಇಲ್ಲಿ ‘ಹಾಕು’ ಎಂಬ ಕ್ರಿಯಾಪದವೇ ಏಕೆ ಬಂದಿತು? ಊಟವಾದ ಮೇಲೆ ಮಣೆಯನ್ನು ಗೋಡೆಗೆ ಒರಗಿಸಿಡುತ್ತಾರೆ. ಅದು ಕುರ್ಚಿಯಂತೆ ಸದಾ ಒಂದೆಡೆಯಲ್ಲಿ ಕುಳಿತುಕೊಳ್ಳುವವನಿಗಾಗಿ ಕಾದುಕೊಂಡಿರುವುದಿಲ್ಲ. ಒಬ್ಬರು ಬಂದಾಗ ಇನ್ನೊಬ್ಬರು ಎದ್ದು ಹೋಗಿ, ಅದನ್ನು ತಂದು, ನೆಲಕ್ಕೆ ಹಾಕಬೇಕು. ಆ ಎದ್ದು ಹೋಗಿ ತರುವುದರಲ್ಲಿಯೇ ಆದರವಿದೆ. ಆದುದರಿಂದ ಈ ನುಡಿಗಟ್ಟಿನಲ್ಲಿ ಕರ್ತೃವು ಮಣೆಯನ್ನು ಹಾಕುವವನು. ಕುಳಿತುಕೊಳ್ಳುವವನಿಗೆ ಚತುರ್ಥೀ ವಿಭಕ್ತಿ. ಅರಬ್ಬೀ ಮೂಲದ ‘ಕುರ್ಚಿ’ಯ ನುಡಿಗಟ್ಟುಗಳಲ್ಲಿ ಈ ಕ್ರಮವು ತಿರುಗುಮುರುಗಾಗಿದೆ. ಕುರ್ಚಿಯನ್ನು ಹಿಡಿಯುವವನು, ಏರುವವನು, ಅದಕ್ಕೆ ಅಂಟಿಕೊಳ್ಳುವವನು ಕುಳಿತುಕೊಳ್ಳುವವನೇ. ಕುರ್ಚಿಯು ಅಧಿಕಾರವನ್ನೂ ಮಣೆಯು ಆದರವನ್ನೂ ಸೂಚಿಸುವುದಕ್ಕೆ ಈ ವ್ಯಾಕರಣಭೇದವೇ ಸಾಕ್ಷಿ. ‘ಪೀಠ’ವಾದರೋ ಧರ್ಮಪೀಠ, ನ್ಯಾಯಪೀಠಗಳಾಗಿ ಮನೆಯನ್ನು ಬಿಟ್ಟು ಹೊರಗೆ ಹೋಯಿತು. ಮನೆಯಲ್ಲಿ ಉಳಿದುದು ಮಣೆಯೊಂದೇ.

ಈಚಿನ ಪತ್ರಿಕೆಗಳ ತಲೆಬರಹಗಳಲ್ಲಿ ಈ ನುಡಿಗಟ್ಟು ಬಹಳವಾಗಿ ಬಳಕೆಯಾಗುತ್ತಿದೆ. ಯುವಕರಿಗೆ ಮಣೆ, ಹಳಬರಿಗೆ ಮಣೆ, ಹಣಕ್ಕೆ ಮಣೆ, ಜಾತಿಗೆ ಮಣೆ ಎಂಬಂಥ ಮಾತುಗಳನ್ನು ಎಲ್ಲರೂ ಓದಿರುತ್ತಾರೆ. ಇಲ್ಲಿ ಮೂರು ವ್ಯತ್ಯಾಸಗಳು ಕಂಡುಬರುತ್ತವೆ. ಮೊದಲನೆಯದಾಗಿ, ‘ಹಾಕು’ ಬಿಟ್ಟುಹೋಗಿ ಮಣೆಯೊಂದೇ ಇಡಿಯ ನುಡಿಗಟ್ಟಿನ ಅರ್ಥವನ್ನು ಹೊತ್ತಿದೆ. ಎರಡನೆಯದಾಗಿ, ಚತುರ್ಥಿಯಲ್ಲಿ ಮನುಷ್ಯನಿಗೆ ಬದಲು ಭಾವವಾಚಕಗಳೂ ಬರುತ್ತಿವೆ. ಮೂರನೆಯದು ಮುಖ್ಯವಾದದ್ದು. ಮನೆಗೆ ನಾಲ್ವರು ಅತಿಥಿಗಳು ಬಂದರೆ ನಾಲ್ಕು ಮಣೆಗಳನ್ನು ಹಾಕುತ್ತಾರೆ. ಒಬ್ಬನಿಗೆ ಹಾಕಿದ್ದರಿಂದ ಇನ್ನೊಬ್ಬನಿಗೆ ತಪ್ಪುವುದಿಲ್ಲ. ತಲೆಬರಹದ ಮಣೆಯಾದರೋ ಒಂದೇ, ಸ್ಪರ್ಧಿಗಳು ಹಲವರು. ಒಬ್ಬನಿಗೆ ಹಾಕುವುದೆಂದರೆ ಉಳಿದವರನ್ನು ಬಿಡುವುದೆಂದೇ ಅರ್ಥ. ಹೀಗೆ ಆದರವೆಂಬ ಅರ್ಥವು ಪಕ್ಷಪಾತವೆಂಬ ಅರ್ಥಕ್ಕೆ ಇಳಿದಿದೆ.

‘ಮನ್ನಣೆ’ಯೆಂಬ ಶಬ್ದದ ಧ್ವನಿಸಾಮ್ಯವೂ ಈ ವ್ಯತ್ಯಾಸಕ್ಕೆ ಸ್ವಲ್ಪಮಟ್ಟಿಗೆ ನೆರವಾಗಿರಬಹುದು. ಮನ್ನಣೆಯು ‘ಮನ್ನಿಸು’ ಎಂಬುದರಿಂದ ಹುಟ್ಟಿದ ಬೇರೆಯೇ ಶಬ್ದ. ಮನ್ನಣೆಯನ್ನು ಕೊಡಬಹುದು, ಪಡೆಯಬಹುದು. ಮಣೆಯನ್ನು ಹಾಕಬಹುದೇ ಹೊರತು ಪಡೆಯುವ ವಾಡಿಕೆಯಿಲ್ಲ. ‘ಮಣೆ ನೀಡಿದರು’ ಎಂದು ಬರೆಯುವವರು ಈ ಎರಡನ್ನೂ ಕಲಸುತ್ತಿದ್ದಾರೆಂದು ತೋರುತ್ತದೆ. ಶಬ್ದಗಳು ಹೀಗೆ ಬೆರೆಯುವುದು ಭಾಷೆಯಲ್ಲಿ ಅಪೂರ್ವವಲ್ಲವಾದರೂ, ಬರೆಯುವವರು ಭೇದವನ್ನು ತಿಳಿದು ಬರೆಯುವುದು ಲೇಸು.

೫

ಇಷ್ಟರಿಂದ ಶಬ್ದದ ವಿಚಾರವು ಮುಗಿದಂತೆ ತೋರಬಹುದು. ಆದರೆ ಅರ್ಥವನ್ನು ಹೇಳುವವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಮಣೆಯ ಮೇಲೆ ಕುಳಿತುಕೊಳ್ಳುತ್ತಿದ್ದವರು ಯಾರು?

ಊಟದ ಮಣೆಯ ಮೇಲೆ ಯಜಮಾನನೂ ಅತಿಥಿಯೂ ಕುಳಿತರು. ತುರಿಮಣೆ, ಈಳಿಗೆಮಣೆ, ಶಾವಿಗೆಮಣೆಗಳ ಮೇಲೆ ಹೆಂಗಸರು ಕುಳಿತರು. ಮೊದಲನೆಯದರ ಮೇಲೆ ಕುಳಿತ ಹೊತ್ತು ಒಂದು ಊಟದಷ್ಟು. ಎರಡನೆಯದರ ಮೇಲೆ ಕುಳಿತ ಹೊತ್ತು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅತಿಥಿಗೆ ಮಣೆಯನ್ನು ತಂದು ಹಾಕುವ ಕೈಯೂ ಬಹಳ ಮಟ್ಟಿಗೆ ಅವರದೇ. ಹೀಗಿದ್ದೂ ಗೌರವಸೂಚಕವಾದ ನುಡಿಗಟ್ಟು ಹುಟ್ಟಿದುದು ಮೊದಲನೆಯ ಮಣೆಯಿಂದ ಮಾತ್ರ. ಅರ್ಥಕಥನದಲ್ಲಿ ಮೊದಲ ಸ್ಥಾನವು ದೊರೆತುದೂ ಅದಕ್ಕೇ. ಕುಳಿತು ಉಂಡವರ ಮಣೆಯು ಶಬ್ದದ ಅರ್ಥವಾಯಿತು. ಕುಳಿತು ದುಡಿದವರ ಮಣೆಯು ಸಮಾಸದ ಉತ್ತರಪದವಾಗಿ ಉಳಿಯಿತು. ಕೋಶಕಾರರು ಇದನ್ನು ಬೇಕೆಂದು ಮಾಡಿದರೆಂದು ನಾವು ಹೇಳುವುದಿಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕೋಶವು ಕಾವ್ಯಗಳಿಂದಲ್ಲದೆ ಗಾದೆಗಳಿಂದಲೂ ಆಡುಮಾತಿನಿಂದಲೂ ಶಬ್ದಗಳನ್ನು ಸಂಗ್ರಹಿಸಿತು. ೧೯೭೦ರಿಂದ ೧೯೯೫ರ ವರೆಗೆ ಎಂಟು ಸಂಪುಟಗಳಲ್ಲಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಶಾಸನ, ಕಾವ್ಯಗಳ ಪ್ರಯೋಗಗಳನ್ನು ಹೇರಳವಾಗಿ ಒದಗಿಸಿತು. ಇಂಥ ಮಹಾಕಾರ್ಯಗಳಿಗೆ ನಾವೆಲ್ಲರೂ ಋಣಿಗಳು. ಆದರೆ ಲಿಖಿತ ಪ್ರಯೋಗವನ್ನೇ ಆಧಾರವಾಗಿ ಹಿಡಿದಷ್ಟೂ, ಬರೆಯದವರ ಬಳಕೆಯು ಹಿಂದೆ ಸರಿಯುವುದು ಅನಿವಾರ್ಯ. ತುರಿಮಣೆಯ ಮೇಲೆ ಕುಳಿತವರು ಕಾವ್ಯವನ್ನಾಗಲಿ ಶಾಸನವನ್ನಾಗಲಿ ಬರೆಯಿಸಲಿಲ್ಲ.

ಮಣೆಯೇ ದೊರೆಯದಿದ್ದವರ ಮಾತು ಇನ್ನೊಂದು. ಎಷ್ಟೋ ಊರುಗಳಲ್ಲಿ ಒಳಗೆ ಬರಬಹುದಾದವರಿಗೆ ಮಣೆ, ಪಡಸಾಲೆಯವರೆಗೆ ಬರುವವರಿಗೆ ಚಾಪೆ, ಅಂಗಳದಲ್ಲಿಯೇ ನಿಲ್ಲಬೇಕಾದವರಿಗೆ ಕುಳಿತುಕೊಳ್ಳಿ ಎಂಬ ಮಾತೂ ಇಲ್ಲ ಎಂಬ ತಾರತಮ್ಯವು ನಡೆದುಬಂದಿತ್ತು. ಬಂದವರನ್ನು ಕುಶಲವನ್ನು ಕೇಳಿ ಕುಳ್ಳಿರಿಸದವರನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ತಮ್ಮ ಪ್ರಸಿದ್ಧವಾದ ಒಂದು ವಚನದಲ್ಲಿ ಕಟುವಾಗಿ ಪ್ರಶ್ನಿಸಿದ್ದಾರೆ. ಆಸನವನ್ನು ಕೊಡುವುದು ಕೇವಲ ಉಪಚಾರವಲ್ಲ, ಮನುಷ್ಯತ್ವದ ಪರೀಕ್ಷೆ ಎಂಬುದು ಅವರ ಮಾತಿನ ತಾತ್ಪರ್ಯ. ಅಸ್ಪೃಶ್ಯತೆಯನ್ನು ಭಾರತದ ಸಂವಿಧಾನದ ೧೭ನೆಯ ಅನುಚ್ಛೇದವು ೧೯೫೦ರಲ್ಲಿ ರದ್ದುಗೊಳಿಸಿತು. ಕಾನೂನು ಬದಲಾದೊಡನೆ ಶಬ್ದಗಳ ನೆನಪು ಅಳಿಸಿಹೋಗುವುದಿಲ್ಲ. ‘ಮಣೆ ಹಾಕು’ ಎಂಬುದು ಗೌರವವನ್ನು ಸೂಚಿಸಬೇಕಾದರೆ ಮಣೆಯಿಲ್ಲದೆ ಇರಬೇಕಾದವರೂ ಇದ್ದಿರಬೇಕು. ಎಲ್ಲರಿಗೂ ಸಮನಾಗಿ ದೊರೆಯುವುದರಿಂದ ವಿಶೇಷಗೌರವವು ಹುಟ್ಟುವುದಿಲ್ಲ. ಹಾಗಾದರೆ ತಲೆಬರಹದ ಪಕ್ಷಪಾತಾರ್ಥವು ತೀರ ಹೊಸದೆಂದು ಮೇಲೆ ನಾವು ಸೂಚಿಸಿದುದನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಅತಿಥಿಗಳ ನಡುವೆ ಭೇದವಿಲ್ಲದಿದ್ದರೂ, ಅತಿಥಿಯೆಂದು ಎಣಿಸಲ್ಪಟ್ಟವರಿಗೂ ಎಣಿಸಲ್ಪಡದವರಿಗೂ ನಡುವೆ ಭೇದವು ಮೊದಲಿನಿಂದಲೂ ಇದ್ದಿತು. ‘ಜಾತಿಗೆ ಮಣೆ’ ಎಂದು ಇಂದು ಬರೆಯುವವರು ತಿಳಿಯದೆಯೇ ಶಬ್ದದ ಹಳೆಯ ಗಾಯವೊಂದನ್ನು ಮುಟ್ಟುತ್ತಿದ್ದಾರೆ.

೬

ಮೇಲಿನ ವಿಚಾರದ ಫಲವನ್ನು ಹೀಗೆ ಸಂಗ್ರಹಿಸಬಹುದು. ಮಣೆಯೆಂದರೆ ತನ್ನ ಮೇಲಿರುವುದಕ್ಕೆ ನೆಲೆಯನ್ನು ಕೊಡುವ, ಸಾಮಾನ್ಯವಾಗಿ ನೆಲದ ಮೇಲೆ ಇಡುವ ಹಲಗೆ ಅಥವಾ ಹಲಗೆಯಂಥ ವಸ್ತು. ಇದರಿಂದ, (೧) ಉಣ್ಣಲು, ಪೂಜಿಸಲು, ಮಂಗಳಕಾರ್ಯಕ್ಕೆ ಕುಳಿತುಕೊಳ್ಳುವ ಆಸನ. (೨) ಕುಳಿತು ಕೆಲಸಮಾಡುವ ಉಪಕರಣ. (೩) ಪದಾರ್ಥವನ್ನೋ ಆಟದ ಕಾಯನ್ನೋ ಇಡುವ ಪಾತಳಿ. (೪) ‘ಹಾಕು’ ಎಂಬುದರೊಡನೆ ಆದರ, ಈಚೆಗೆ ಪಕ್ಷಪಾತ ಎಂಬ ನಾಲ್ಕು ಅರ್ಥಗಳು. ಮೊದಲ ಮೂರು ಒಂದಕ್ಕೊಂದು ಸಮಾನಸ್ಕಂಧವಾದುವು. ನಾಲ್ಕನೆಯದು ಮಾತ್ರ ಮೊದಲನೆಯದರಿಂದ ಹುಟ್ಟಿದುದು.

ಇಂದು ಎಷ್ಟೋ ಮನೆಗಳಲ್ಲಿ ಊಟವು ಮೇಜಿನ ಮೇಲೂ ಅಡಿಗೆಯು ಕಟ್ಟೆಯ ಮೇಲೂ ನಡೆಯುತ್ತದೆ. ತುರಿಮಣೆಯನ್ನು ಕಟ್ಟೆಯ ಅಂಚಿಗೆ ತಿರುಪಿನಿಂದ ಬಿಗಿಯುತ್ತಾರೆ. ಅದರ ಮೇಲೆ ಕುಳಿತುಕೊಳ್ಳುವವರಿಲ್ಲ. ಇನ್ನು ಕೆಲವು ಕಾಲದ ಮೇಲೆ ಆ ಹೆಸರಿನಲ್ಲಿ ಮಣೆಯು ಏಕೆ ಬಂದಿತೆಂದು ಮಕ್ಕಳು ಕೇಳುವ ಸಂಭವವುಂಟು. ಆಗ ಉತ್ತರವನ್ನು ಹೇಳಲು ಕಾವ್ಯಪ್ರಯೋಗಗಳು ಸಾಲುವುದಿಲ್ಲ. ಅದರ ಮೇಲೆ ಕುಳಿತು ದುಡಿದವರ ಮಾತು ಬೇಕಾಗುತ್ತದೆ. ಅಂಥವರು ಈಗಲೂ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಶಬ್ದಸಂಗ್ರಹದಲ್ಲಿ ಆಸಕ್ತರಾದವರು ತಂತಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ, ಆಯಾ ಸೀಮೆಯ ಮಣೆಗಳ ಹೆಸರುಗಳನ್ನೂ ಬಳಕೆಯನ್ನೂ ಅವರ ಮಾತಿನಲ್ಲಿಯೇ ಬರೆದುಕೊಂಡು ಇಂಥ ಪತ್ರಿಕೆಗಳಿಗೆ ಕಳುಹಿಸುವುದಾದರೆ ಈ ಲೇಖನದ ತಪ್ಪುಗಳೂ ತಿದ್ದಲ್ಪಡುವುವು, ಮುಂದಿನ ಕೋಶಕಾರರಿಗೂ ಉಪಕಾರವಾಗುವುದು.